ರೆಫರಿಯ ಶೂ ಯಾಕೆ ಕಪ್ಪಗೇ ಇರ್ಬೇಕು?

"ಏನ್ ಸಾರ್, ವಾಕಿಂಗ್ ಬಂದ್ರಾ?"

ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಒಂದು ಅಂತರಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ನಮ್ಮ ಬೆಂಚಿನಿಂದ ಎದ್ದ ಕೂಗು ಇದು. ರೆಫರಿ ಬೂದು ಅಂಗಿ, ಕಪ್ಪು ಪ್ಯಾಂಟ್ ಹಾಕಿದ್ದರು, ಕುತ್ತಿಗೆಯಲ್ಲಿ ವಿಷಲ್ ನೇತಾಡ್ತಿತ್ತು. ಎಲ್ಲಾ ಸರಿಯಾಗೇ ಇತ್ತು. ಕಾಲಲ್ಲಿ ಮಾತ್ರ ಕಿತ್ತಳೆ ಪಟ್ಟಿಯ ನೀಲಿ ರನ್ನಿಂಗ್ ಶೂ. ಎರಡೂ ತಂಡದವರು ನಕ್ಕರು, ನಾನೂ ನಕ್ಕೆ. ಎರಡನೇ ಕ್ವಾರ್ಟರ್ ಹೊತ್ತಿಗೆ ಅವರು ಊದಿದ ಪ್ರತಿ ವಿಷಲ್‌ಗೂ ಯಾರಾದರೊಬ್ಬರು ಕೈ ಎತ್ತಿ ಜಗಳಕ್ಕೆ ನಿಲ್ಲೋದು ಶುರುವಾಯ್ತು. ಆಮೇಲೆ ಗೆಳೆಯನೊಬ್ಬನ ಮೊಬೈಲ್‌ನಲ್ಲಿದ್ದ ವಿಡಿಯೋ ನೋಡಿದಾಗ, ನಾವು ಗಲಾಟೆ ಮಾಡಿದ ಎರಡೂ ಫೌಲ್‌ಗಳು ಸರಿಯಾಗೇ ಇದ್ದವು.

ಪಂದ್ಯ ಮುಗಿದ ಮೇಲೆ ಅವರು ನಲ್ಲಿ ಹತ್ತಿರ ಮುಖ ತೊಳೀತಾ ಹೇಳಿದ್ದು ಇಷ್ಟೇ: "ಬೆಳಿಗ್ಗೆ ಮ್ಯಾಚಲ್ಲಿ ಕಪ್ಪು ಶೂದು ಸೋಲ್ ಕಿತ್ಕೊಂಡು ಬಂತು ಕಣಪ್ಪಾ. ಇದು ನನ್ ಮಗನ್ದು."

ಶೂ ಬಣ್ಣಕ್ಕೂ ತೀರ್ಪಿನ ಗುಣಮಟ್ಟಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಆ ತೀರ್ಪನ್ನು ಜನ ಒಪ್ಪಿಕೊಳ್ಳೋದಕ್ಕೂ ಶೂಗೂ ಸಂಬಂಧ ಇದೆ. ಕೋರ್ಟಿನ ನ್ಯಾಯಾಧೀಶರಿಂದ ಹಿಡಿದು ಚುನಾವಣಾ ಬೂತಿನ ಅಧಿಕಾರಿಯವರೆಗೆ, 'ನಾನು ಯಾವ ಕಡೆಯವನೂ ಅಲ್ಲ' ಅಂತ ತೋರಿಸಿಕೊಳ್ಳಬೇಕಾದ ಎಲ್ಲರಿಗೂ ಇರುವ ತಲೆನೋವು ಇದು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದನ್ನು ಬಹಳ ಸ್ಪಷ್ಟವಾಗಿ ನೋಡಬಹುದು.

ನಿಯಮ ಏನು ಹೇಳುತ್ತೆ?

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮ ಪುಸ್ತಕದಲ್ಲಿ ರೆಫರಿಯ ವೇಷ ಬರೆದೇ ಇದೆ: ರೆಫರಿಯ ಅಂಗಿ, ಉದ್ದನೆಯ ಕಪ್ಪು ಪ್ಯಾಂಟ್, ಕಪ್ಪು ಸಾಕ್ಸ್, ಕಪ್ಪು ಬ್ಯಾಸ್ಕೆಟ್‌ಬಾಲ್ ಶೂ. ಗಮನಿಸಿ, ಬರೀ 'ಕಪ್ಪು ಶೂ' ಅಲ್ಲ, ಕಪ್ಪು 'ಬ್ಯಾಸ್ಕೆಟ್‌ಬಾಲ್' ಶೂ. ಈ ಎರಡನೇ ಪದದ ಕಥೆಗೆ ಆಮೇಲೆ ಬರ್ತೀನಿ. ಅಮೆರಿಕದ ಎನ್‌ಬಿಎಯಲ್ಲೂ ಬೂದು ಅಂಗಿ, ಕಪ್ಪು ಪ್ಯಾಂಟ್, ಅಡಿಯಿಂದ ಮುಡಿವರೆಗೆ ಕಪ್ಪಾದ ಶೂ. ಅಲ್ಲಿನ ಕಾಲೇಜು ಆಟಗಳಲ್ಲಿ ಅಂಗಿ ಕಪ್ಪು ಬಿಳಿ ಪಟ್ಟೆಯದ್ದು, ಶೂ ಮಾತ್ರ ಅದೇ ಕಪ್ಪು.

ಆ ಪಟ್ಟೆಗೂ ಒಂದು ಕಥೆ ಇದೆ. 1920ರಲ್ಲಿ ಮಿಷಿಗನ್‌ನ ಲಾಯ್ಡ್ ಓಲ್ಡ್ಸ್ ಎಂಬ ರೆಫರಿ ಬಿಳಿ ಅಂಗಿ ಹಾಕಿಕೊಂಡು ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಸುತ್ತಿದ್ದರು. ಒಂದು ತಂಡದ ಬಟ್ಟೆಯೂ ಬಿಳಿ. ಆಟದ ಭರದಲ್ಲಿ ಆ ತಂಡದ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ತಂದು ಇವರ ಕೈಗೇ ಕೊಟ್ಟುಬಿಟ್ಟ. ಓಲ್ಡ್ಸ್ ಆಮೇಲೆ ಗೆಳೆಯನೊಬ್ಬನ ಹತ್ತಿರ ಕಪ್ಪು ಬಿಳಿ ಪಟ್ಟೆಯ ಅಂಗಿ ಮಾಡಿಸಿಕೊಂಡರು, ಯಾವ ತಂಡವೂ ಹಾಕದಂಥದ್ದು. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಆ ಪಟ್ಟೆ ಕಂಡರೂ ಜನ 'ರೆಫರಿ' ಅಂತಾರೆ.

ಅಂದ್ರೆ ರೆಫರಿಯ ಬಟ್ಟೆಗೆ ಎರಡು ಕೆಲಸ, ಒಂದಕ್ಕೊಂದು ಉಲ್ಟಾ. ಬೇಕಾದಾಗ ತಕ್ಷಣ ಕಣ್ಣಿಗೆ ಬೀಳಬೇಕು. ಬೇಡದಾಗ ಇಲ್ಲವೇ ಇಲ್ಲ ಅನ್ನೋ ಹಾಗಿರಬೇಕು. ಈ ಎರಡನೇ ಮಾತನ್ನು ಫಿಬಾ ನಿಯಮ ಅಕ್ಷರಶಃ ಹೇಳುತ್ತೆ: ಚೆಂಡು ರೆಫರಿಗೆ ತಗುಲಿದರೆ ಅವರು ನಿಂತ ಜಾಗದ ನೆಲಕ್ಕೆ ತಗುಲಿದ ಹಾಗೇ ಲೆಕ್ಕ. ಗೆರೆ ಮೇಲೆ ನಿಂತಿದ್ದ ರೆಫರಿಯ ಕಾಲಿಗೆ ಬಡಿದರೆ ಔಟ್. ಒಳಗೆ ನಿಂತಿದ್ದರೆ ಆಟ ಮುಂದುವರಿಯುತ್ತೆ, ಯಾರೂ ಸಾರಿ ಕೇಳಬೇಕಿಲ್ಲ. ನಿಯಮದ ಕಣ್ಣಲ್ಲಿ ಆ ಮನುಷ್ಯ ನೆಲದ ಒಂದು ತುಂಡು!

ತಲೆ ತಗ್ಗಿಸಿ ಡ್ರಿಬಲ್ ಮಾಡೋ ಹುಡುಗಿಗೆ ಕಣ್ಣಂಚಲ್ಲಿ ಮೊದಲು ಕಾಣೋದು ಸುತ್ತಲಿನ ಕಾಲುಗಳು. ಹತ್ತು ಆಟಗಾರ್ತಿಯರ ಬಣ್ಣಬಣ್ಣದ ಶೂ ಮಧ್ಯೆ ಒಂದು ಜೊತೆ ಕಪ್ಪು ಕಂಡರೆ, ಅಲ್ಲಿ ಪಾಸ್ ಕೊಡೋಕೆ ಯಾರೂ ಇಲ್ಲ ಅಂತ ಗೊತ್ತಾಗಬೇಕು. ಕಪ್ಪು ಬಣ್ಣದ ಮೊದಲ ಉಪಯೋಗ ಅಷ್ಟು ಸರಳ.

ಶೂ ಒಳಗಿನ ಇಂಜಿನಿಯರಿಂಗ್

ಇಲ್ಲಿ ಸ್ವಲ್ಪ ಹಳೇ ಸಿಲಬಸ್ ತೆಗೀತೀನಿ, ತಾಳ್ಮೆ ಇರಲಿ.

ಫಿಬಾ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಮೂವರು ರೆಫರಿ ಇದ್ದರೆ ಒಬ್ಬರು ಬುಟ್ಟಿಯ ಹತ್ತಿರ ಎಂಡ್‌ಲೈನ್ ಮೇಲೆ, ಅವರು 'ಲೀಡ್'. ಒಬ್ಬರು ಹಿಂದೆ, 'ಟ್ರೇಲ್'. ಇನ್ನೊಬ್ಬರು ಎದುರು ಬದಿಯಲ್ಲಿ, 'ಸೆಂಟರ್'. ಚೆಂಡು ಕೈ ಬದಲಾದ ಕೂಡಲೇ ಹಿಂದಿದ್ದವರು ಮುಂದೆ, ಮುಂದಿದ್ದವರು ಹಿಂದೆ. ಒಂದು ಕ್ಷಣ ನೇರ ಓಟ, ಮರುಕ್ಷಣ ಗಕ್ಕನೆ ನಿಲ್ಲೋದು, ಆಮೇಲೆ ಎಂಡ್‌ಲೈನ್ ಉದ್ದಕ್ಕೂ ಏಡಿ ಥರ ಅಡ್ಡಡ್ಡ ಸರಿಯೋದು. ನಮ್ಮ ಜಿಲ್ಲಾ ಮಟ್ಟದಲ್ಲಿ ಬಹಳ ಸಲ ಇಬ್ಬರೇ ಇರ್ತಾರೆ, ಹಾಗಾಗಿ ಓಟ ಇನ್ನೂ ಜಾಸ್ತಿ. ಆಟಗಾರರಿಗಾದರೆ ಬದಲಿ ಆಟಗಾರ ಬರ್ತಾನೆ, ರೆಫರಿಗೆ ಬದಲಿ ಬೆಂಚಿಲ್ಲ.

ರನ್ನಿಂಗ್ ಶೂ ಮಾಡಿರೋದು ಮುಂದಕ್ಕೆ ಓಡೋಕೆ. ಹಿಮ್ಮಡಿ ಕೆಳಗೆ ದಪ್ಪನೆ ಮೆತ್ತನೆ ಫೋಮ್ ಇರುತ್ತೆ. ಅಡ್ಡಕ್ಕೆ ಜೋರಾಗಿ ಕಾಲೂರಿದಾಗ ಆ ಎತ್ತರವೇ ಶತ್ರು. ಪಾದ ನೆಲದಿಂದ ಎಷ್ಟು ಮೇಲಿದೆಯೋ, ಕಣಕಾಲನ್ನು ತಿರುಚುವ ಬಲಕ್ಕೆ ಅಷ್ಟು ಉದ್ದದ ಸನ್ನೆಗೋಲು ಸಿಕ್ಕ ಹಾಗೆ. ಕೋರ್ಟ್ ಶೂ ಇದಕ್ಕೇ ತಗ್ಗಾಗಿ, ಬದಿಗಳಲ್ಲಿ ಗಟ್ಟಿಯಾಗಿ ಇರುತ್ತೆ. ಅಡಿಯಲ್ಲಿ ಮೀನಿನ ಮುಳ್ಳಿನಂಥ ಅಂಕುಡೊಂಕು ಗೆರೆಗಳಿರುತ್ತವೆ, ಯಾವ ದಿಕ್ಕಿಗೆ ತಿರುಗಿದರೂ ಹಿಡಿತ ಸಿಗಲಿ ಅಂತ. ಫಿಬಾದ ಆ ಎರಡನೇ ಪದಕ್ಕೆ ಇದೇ ಅರ್ಥ. ಆಫೀಸಿಗೆ ಹಾಕುವ ಕಪ್ಪು ಲೆದರ್ ಶೂ ಬಣ್ಣದಲ್ಲಿ ಪಾಸ್, ಕೆಲಸದಲ್ಲಿ ಫೇಲ್. ಬಾಟಾದ ನಾಟಿ ಬಾಯ್ ಹಾಕ್ಕೊಂಡು ಬೆಳೆದ ನಮಗೆಲ್ಲ ಗೊತ್ತು, ಪ್ರೇಯರ್‌ಗೆ ಅದು ಭರ್ಜರಿ, ನುಣುಪಾದ ನೆಲದಲ್ಲಿ ಓಡೋಕೆ ಅಲ್ಲ.

ಇನ್ನೊಂದು ತಮಾಷೆ ನೋಡಿ. ಒಳಾಂಗಣ ಸ್ಟೇಡಿಯಂಗಳ ಬಾಗಿಲಲ್ಲಿ 'ನಾನ್-ಮಾರ್ಕಿಂಗ್ ಶೂ ಕಡ್ಡಾಯ' ಅಂತ ಬೋರ್ಡ್ ಇರುತ್ತೆ. ರಬ್ಬರ್‌ಗೆ ಬಲ ಕೊಡೋಕೆ ಮೊದಲಿಂದ ಸೇರಿಸ್ತಿದ್ದದ್ದು ಕಾರ್ಬನ್ ಬ್ಲ್ಯಾಕ್, ಅಂದ್ರೆ ಮಸಿ. ಟೈರ್ ಕಪ್ಪಗಿರೋದೂ ಅದರಿಂದಲೇ. ಮರದ ನೆಲದ ಮೇಲೆ ಕಪ್ಪು ಗೀರು ಬೀಳಿಸೋದೂ ಅದೇ. ನಾನ್-ಮಾರ್ಕಿಂಗ್ ಸೋಲ್‌ಗೆ ಅದರ ಬದಲು ಸಿಲಿಕಾ ಹಾಕ್ತಾರೆ. ಅದಕ್ಕೇ ಅಂಥ ಸೋಲ್‌ಗಳು ಹೆಚ್ಚಾಗಿ ಬಿಳಿ ಅಥವಾ ಬೆಲ್ಲದ ಬಣ್ಣದಲ್ಲಿ ಸಿಗೋದು. ಒಂದು ನಿಯಮ ಕಪ್ಪು ಶೂ ಬೇಕು ಅನ್ನುತ್ತೆ, ಇನ್ನೊಂದು ನೆಲಕ್ಕೆ ಕಪ್ಪು ಹತ್ತಬಾರದು ಅನ್ನುತ್ತೆ. ಎರಡನ್ನೂ ಒಟ್ಟಿಗೆ ಪಾಲಿಸುವ ಶೂ ಇವೆ. ಆದರೆ ಊರಿನ ಅಂಗಡಿಯಲ್ಲಿ ಕೈಗೆ ಸಿಗೋ ಶೂಗಳಲ್ಲಿ ಅಂಥದ್ದು ಅಪರೂಪ.

ಅಮೆರಿಕದ ರೆಫರಿಗಳಲ್ಲಿ ಬಹಳ ಕಾಲ ಫಳಫಳ ಹೊಳೆಯುವ ಪೇಟೆಂಟ್ ಲೆದರ್ ಶೂ ಫ್ಯಾಷನ್ ಇತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಕನ್ನಡಿ. ಪಾಲಿಶ್ ಡಬ್ಬಿ ಬೇಕಿಲ್ಲ. ಆದರೆ ಆ ಹೊಳಪು ಅಂದ್ರೆ ಚರ್ಮದ ಮೇಲೆ ಬಳಿದ ಪ್ಲಾಸ್ಟಿಕ್ ಪದರ. ಗಾಳಿ ಆಡಲ್ಲ, ಕಾಲು ಬೇಯುತ್ತೆ. ಈಗ ಅಲ್ಲೂ ಹೊಳಪಿಲ್ಲದ, ಜಾಲರಿ ಬಟ್ಟೆಯ ಕಪ್ಪು ಶೂ ಬಂದಿವೆ. ಮೇ ತಿಂಗಳ ಕಲಬುರಗಿಯ ಸಿಮೆಂಟ್ ಕೋರ್ಟ್ ಮೇಲೆ ಪೇಟೆಂಟ್ ಲೆದರ್ ಊಹಿಸಿಕೊಂಡರೆ ನನಗೇ ಬೆವರು ಬರುತ್ತೆ.

ಇನ್ನು ನಮ್ಮ ನೀಲಿ ಶೂ ರೆಫರಿಯ ಕಥೆ. ಆವತ್ತು ಸೋಲ್ ಯಾಕೆ ಕಿತ್ತುಬಂತು ಅಂತ ನಾನು ನೋಡಿಲ್ಲ. ಆದರೆ ಅಂಥ ಶೂಗಳಿಗೆ ಸಾಮಾನ್ಯವಾಗಿ ಬರೋ ಕಾಯಿಲೆ ಒಂದಿದೆ. ಶೂ ನಡುವಿನ ಪದರ ಪಾಲಿಯುರಿಥೇನ್ ಆಗಿದ್ದರೆ, ಗಾಳಿಯ ತೇವಾಂಶ ಅದರ ಅಣುಗಳ ಸರಪಳಿಯನ್ನು ನಿಧಾನಕ್ಕೆ ಕಡಿಯುತ್ತಾ ಹೋಗುತ್ತೆ. ಹೈಡ್ರಾಲಿಸಿಸ್ ಅಂತಾರೆ. ಮಜಾ ಏನಂದ್ರೆ, ದಿನಾ ಹಾಕೋ ಶೂಗಿಂತ ಬೀರುವಿನಲ್ಲಿಟ್ಟ ಶೂಗೆ ಇದರ ಕಾಟ ಜಾಸ್ತಿ. ವರ್ಷಕ್ಕೆ ನಾಲ್ಕಾರು ಟೂರ್ನಿ ಆಡಿಸೋ ರೆಫರಿ 'ಮ್ಯಾಚ್ ಶೂ' ಅಂತ ಒಂದು ಜೊತೆಯನ್ನು ಜೋಪಾನವಾಗಿ ಡಬ್ಬದಲ್ಲಿಟ್ಟಿರ್ತಾರೆ. ಮೇಲೆ ನೋಡಿದರೆ ಹೊಸದರ ಥರ ಇರುತ್ತೆ, ಮೊದಲ ಕ್ವಾರ್ಟರ್‌ನಲ್ಲಿ ರಸ್ಕ್ ಥರ ಪುಡಿಯಾಗುತ್ತೆ. ಜೋಪಾನ ಮಾಡಿದ್ದೇ ತಪ್ಪು! ನೀವು ರೆಫರಿ ಆಗಿದ್ದರೆ ದಯವಿಟ್ಟು ಆ ಶೂನ ಆಗಾಗ ಹಾಕ್ಕೊಂಡು ಓಡಾಡಿ. ಡಬ್ಬದಲ್ಲಿ ಮುಚ್ಚಿಡಬೇಡಿ.

ಸಾಮಾನು ಕೈಕೊಟ್ಟಾಗ ರೆಫರಿ ಎಷ್ಟು ಒಂಟಿ ಅನ್ನೋದಕ್ಕೆ ಇನ್ನೊಂದು ಉದಾಹರಣೆ ಕೆನಡಾದ ರಾನ್ ಫಾಕ್ಸ್‌ಕ್ರಾಫ್ಟ್. 1984ರಲ್ಲಿ ಬ್ರೆಜಿಲ್‌ನಲ್ಲಿ ಒಲಿಂಪಿಕ್ಸ್ ಅರ್ಹತಾ ಪಂದ್ಯ ನಡೆಸುವಾಗ ಅವರ ವಿಷಲ್ ಒಳಗಿನ ಗುಂಡು ಸಿಕ್ಕಿಕೊಂಡು ಸದ್ದೇ ಬರಲಿಲ್ಲ. ಫೌಲ್ ಕಂಡಿದೆ, ಊದಿದ್ದಾರೆ, ಯಾರಿಗೂ ಕೇಳಿಲ್ಲ. ತುಂಬಿದ ಸ್ಟೇಡಿಯಂ ತಿರುಗಿಬಿತ್ತು. ಆಮೇಲೆ ಅವರೇ ಗುಂಡಿಲ್ಲದ ವಿಷಲ್ ತಯಾರಿಸಿದರು. ಇವತ್ತು ಜಗತ್ತಿನಾದ್ಯಂತ ರೆಫರಿಗಳ ಕೊರಳಲ್ಲಿರುವ ಫಾಕ್ಸ್ 40 ಅದೇ.

ಆಟಗಾರರಿಗೆ ಬಣ್ಣ, ರೆಫರಿಗೆ ಕಪ್ಪು, ಎದೆಗೆ ಜಾಹೀರಾತು

1985ರ ಫೆಬ್ರವರಿಯಲ್ಲಿ ಎನ್‌ಬಿಎ ನೈಕಿಗೆ ಒಂದು ಪತ್ರ ಬರೆಯಿತು: ಮೈಕಲ್ ಜೋರ್ಡನ್ ಹಾಕಿದ ಕೆಂಪು ಕಪ್ಪು ಶೂ ಸಮವಸ್ತ್ರದ ನಿಯಮಕ್ಕೆ ಹೊಂದಲ್ಲ. ನೈಕಿ ಆ ನಿಷೇಧವನ್ನೇ ಜಾಹೀರಾತು ಮಾಡಿಕೊಂಡು ಶೂ ಮಾರಿತು. 2018-19ರ ಸೀಸನ್‌ನಿಂದ ಎನ್‌ಬಿಎ ಆಟಗಾರರ ಶೂ ಬಣ್ಣದ ಮೇಲಿದ್ದ ನಿರ್ಬಂಧವನ್ನೇ ತೆಗೆದುಹಾಕಿತು. ಈಗ ಆಟಗಾರರ ಶೂ ಮೇಲೆ ಗುಲಾಬಿ, ಹಳದಿ, ಕಾರ್ಟೂನ್, ರಾಜಕೀಯ ಘೋಷಣೆ ಎಲ್ಲಾ ಕಾಣಿಸುತ್ತೆ. ರೆಫರಿಗೆ ಮಾತ್ರ ಅದೇ ಕಪ್ಪು.

ಇದು ಸರಿ ಅಂತಲೇ ನನ್ನ ಅಭಿಪ್ರಾಯ. ಆಟಗಾರ ತನ್ನತನ ತೋರಿಸೋಕೆ ಅಂಗಳಕ್ಕೆ ಬರೋದು. ರೆಫರಿ ಅದನ್ನು ಎರಡು ಗಂಟೆ ಬದಿಗಿಡೋಕೆ ಬರೋದು.

ಆದರೆ 2024ರ ಫೆಬ್ರವರಿಯಲ್ಲಿ ಅದೇ ಎನ್‌ಬಿಎ ತನ್ನ ರೆಫರಿಗಳ ಅಂಗಿ ಮೇಲೆ ಎಮಿರೇಟ್ಸ್ ವಿಮಾನ ಸಂಸ್ಥೆಯ ಪಟ್ಟಿ ಹಚ್ಚಲು ಒಪ್ಪಂದ ಮಾಡಿಕೊಂಡಿತು. ಕ್ರಿಕೆಟ್ ನೋಡೋರಿಗೆ ಇದರಲ್ಲಿ ಹೊಸದೇನೂ ಇಲ್ಲ, ಐಸಿಸಿ ಅಂಪೈರ್‌ಗಳ ಮೈಮೇಲೆ 'ಫ್ಲೈ ಎಮಿರೇಟ್ಸ್' ನೋಡ್ತಾನೇ ದೊಡ್ಡವರಾದೆವು. ದುಬೈ ಸರ್ಕಾರದ ಒಡೆತನದ ಕಂಪನಿ ಅದು. ಅದರ ಪಟ್ಟಿ ಹಚ್ಚಿದ ಮಾತ್ರಕ್ಕೆ ರೆಫರಿ ತಪ್ಪು ಫೌಲ್ ಕೊಡ್ತಾರೆ ಅಂತ ನಾನು ಹೇಳ್ತಿಲ್ಲ. ನಾನು ಕೇಳ್ತಿರೋದು ಇಷ್ಟೇ: ಕಾಲಿನ ಮೇಲೆ ಒಂದು ಬಿಳಿ ಗೆರೆ ಇದ್ದರೆ ತಟಸ್ಥತೆ ಕೆಡುತ್ತೆ, ಎದೆ ಮೇಲೆ ಕಂಪನಿ ಹೆಸರಿದ್ದರೆ ಕೆಡಲ್ಲ, ಇದನ್ನು ತೀರ್ಮಾನ ಮಾಡಿದವರು ಯಾರು? ಈ ಶಿಸ್ತಿನ ಭಾರ ಯಾವಾಗಲೂ ಬೀಳೋದು ಕೆಳಗೆ ನಿಂತು ಕೆಲಸ ಮಾಡೋರ ಮೇಲೆ. ಅದರ ಮಾರಾಟದ ಹಕ್ಕು ಮೇಲಿನವರ ಹತ್ತಿರ ಇರುತ್ತೆ.

'ನೋಡೋಕೆ ರೆಫರಿ ಥರ' ಇರೋದು ಅಂದ್ರೆ

ಸಮವಸ್ತ್ರ ಎಲ್ಲರನ್ನೂ ಒಂದೇ ಥರ ಕಾಣಿಸುತ್ತೆ ಅಂತಾರೆ. ಅದರ ಮಿತಿಯನ್ನೂ ಬ್ಯಾಸ್ಕೆಟ್‌ಬಾಲ್ ಚೆನ್ನಾಗಿ ತೋರಿಸಿದೆ.

1997ರಲ್ಲಿ ವಯಲೆಟ್ ಪಾಮರ್ ಮತ್ತು ಡೀ ಕ್ಯಾಂಟ್ನರ್ ಎನ್‌ಬಿಎಯ ಮೊದಲ ಮಹಿಳಾ ರೆಫರಿಗಳಾದರು. ಅದೇ ಅಂಗಿ, ಅದೇ ಪ್ಯಾಂಟ್, ಅದೇ ಕಪ್ಪು ಶೂ. ಹತ್ತು ವರ್ಷ ಕಳೆದ ಮೇಲೂ, 2007ರಲ್ಲಿ, ಪಾಮರ್ ಕೊಟ್ಟ ತೀರ್ಪು ಇಷ್ಟವಾಗದ ಮಾಜಿ ಆಟಗಾರ ಸೆಡ್ರಿಕ್ ಮ್ಯಾಕ್ಸ್‌ವೆಲ್ ರೇಡಿಯೋ ಕಾಮೆಂಟರಿಯಲ್ಲಿ ಅವರನ್ನು ಅಡುಗೆಮನೆಗೆ ಹೋಗು ಅಂದರು. ಆಮೇಲೆ ಕ್ಷಮೆ ಕೇಳಿದರು, ಬಿಡಿ. ಗಂಡಸು ರೆಫರಿ ತಪ್ಪು ಮಾಡಿದರೆ ತಪ್ಪು ತೀರ್ಪು ಅಂತಾರೆ, ಹೆಂಗಸಾದರೆ ನೇಮಕಾತಿಯೇ ತಪ್ಪು ಅಂತಾರೆ. ಯಾವ ಪಾಲಿಶ್‌ಗೂ ಇದನ್ನು ಒರೆಸೋ ಶಕ್ತಿ ಇಲ್ಲ.

ಆಟಗಾರರ ವಿಷಯದಲ್ಲಿ ನಮಗೇ ತಟ್ಟಿದ ಘಟನೆ ಇದೆ. 2014ರಲ್ಲಿ ಚೀನಾದ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತದ ಅಮೃತ್‌ಪಾಲ್ ಸಿಂಗ್ ಮತ್ತು ಅಮ್‌ಜ್ಯೋತ್ ಸಿಂಗ್ ಪೇಟ ತೆಗೆದು ಆಡಬೇಕಾಯಿತು. ಅದೇ ವರ್ಷ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಹಿಜಾಬ್ ತೆಗೆಯೋಕೆ ಒಪ್ಪದ ಕತಾರ್ ಮಹಿಳಾ ತಂಡ ಪಂದ್ಯವನ್ನೇ ಬಿಟ್ಟುಕೊಟ್ಟಿತು. ಫಿಬಾ ತಲೆವಸ್ತ್ರಕ್ಕೆ ಅವಕಾಶ ಕೊಟ್ಟದ್ದು 2017ರ ಮೇನಲ್ಲಿ, ಅಕ್ಟೋಬರ್ 1ರಿಂದ ಜಾರಿ. ನಡುವೆ ಜುಲೈನಲ್ಲಿ ನಮ್ಮ ಬೆಂಗಳೂರಲ್ಲೇ ಮಹಿಳಾ ಏಷ್ಯಾ ಕಪ್ ನಡೆದಾಗ ಹಳೇ ನಿಷೇಧವೇ ಇತ್ತು. ಹೊಸ ನಿಯಮ ಬಹಳ ಪ್ರಾಕ್ಟಿಕಲ್: ಕಪ್ಪು, ಬಿಳಿ ಅಥವಾ ತಂಡದ ಬಟ್ಟೆಯ ಬಣ್ಣ, ಮುಖ ಮುಚ್ಚಬಾರದು, ಯಾರಿಗೂ ಗಾಯ ಆಗೋ ಹಾಗಿರಬಾರದು. ಅಷ್ಟೇ. ಸಮವಸ್ತ್ರದ ಜಗಳವನ್ನು 2022ರಲ್ಲಿ ಕಾಲೇಜು ಗೇಟಿನ ಮುಂದೆ ನೋಡಿದ ನಾವು ಇದನ್ನು ಸ್ವಲ್ಪ ನಿಧಾನವಾಗಿ ಓದಬಹುದು. ಏಕರೂಪತೆ ಯಾವ ಕೆಲಸಕ್ಕೆ ಬೇಕು ಅಂತ ಮೊದಲು ಕೇಳಿದರೆ, ಎಷ್ಟು ಬೇಕು ಅನ್ನೋದು ಗೊತ್ತಾಗುತ್ತೆ.

ಇನ್ನು ತೀರ್ಪಿನ ಒಳಗಿನ ಪಕ್ಷಪಾತ. ಅರ್ಥಶಾಸ್ತ್ರಜ್ಞರಾದ ಜೋಸೆಫ್ ಪ್ರೈಸ್ ಮತ್ತು ಜಸ್ಟಿನ್ ವುಲ್ಫರ್ಸ್ 1991ರಿಂದ 2004ರವರೆಗಿನ ಎನ್‌ಬಿಎ ಪಂದ್ಯಗಳ ಅಂಕಿಅಂಶ ಜಾಲಾಡಿದರು. ರೆಫರಿಗಳ ಜನಾಂಗ ಮತ್ತು ಆಟಗಾರನ ಜನಾಂಗ ಬೇರೆಯಾಗಿದ್ದಾಗ ಆ ಆಟಗಾರನ ಮೇಲೆ ಫೌಲ್ ಹೆಚ್ಚು ಬೀಳುತ್ತೆ ಅಂತ ಕಂಡುಕೊಂಡರು. 2007ರಲ್ಲಿ ಇದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು, ಎನ್‌ಬಿಎ ಒಪ್ಪಲಿಲ್ಲ. ಇಷ್ಟಕ್ಕೇ ನಿಂತಿದ್ದರೆ ನಿರಾಶೆಯ ಕಥೆ. ಅವರೇ ಇನ್ನೊಬ್ಬ ಸಂಶೋಧಕನ ಜೊತೆ ಸೇರಿ ಆಮೇಲಿನ ವರ್ಷಗಳನ್ನೂ ನೋಡಿದರು. ಸುದ್ದಿ ಆದ ನಂತರ ಆ ವ್ಯತ್ಯಾಸ ಕಾಣಿಸಲೇ ಇಲ್ಲ. ರೆಫರಿಗಳ ಬಟ್ಟೆ ಎರಡೂ ಅವಧಿಯಲ್ಲಿ ನೀಟಾಗೇ ಇತ್ತು. ಬದಲಾಗಿದ್ದು, ತಮ್ಮ ಮೇಲೂ ಒಂದು ಕಣ್ಣಿದೆ ಅನ್ನೋದು ಅವರಿಗೆ ಗೊತ್ತಾಗಿದ್ದು.

ಅದೇ 2007ರಲ್ಲಿ ಟಿಮ್ ಡೊನಾಗಿ ಸಿಕ್ಕಿಬಿದ್ದರು. ಶೂ ಕಪ್ಪಗಿತ್ತು, ಅಂಗಿ ಇಸ್ತ್ರಿಯಾಗಿತ್ತು, ತಾವೇ ನಡೆಸುವ ಪಂದ್ಯಗಳ ಮೇಲೆ ಬಾಜಿ ಕಟ್ಟುತ್ತಿದ್ದರು. 2008ರಲ್ಲಿ 15 ತಿಂಗಳ ಜೈಲು ಶಿಕ್ಷೆ ಆಯಿತು. 2015ರ ಮಾರ್ಚ್‌ನಿಂದ ಎನ್‌ಬಿಎ ತೀರಾ ಹತ್ತಿರದ ಪಂದ್ಯಗಳ ಕೊನೆಯ ಎರಡು ನಿಮಿಷದ ತೀರ್ಪುಗಳನ್ನು ಒಂದೊಂದಾಗಿ ಪರಿಶೀಲಿಸಿ, ಯಾವುದು ಸರಿ ಯಾವುದು ತಪ್ಪು ಅಂತ ವರದಿ ಪ್ರಕಟಿಸ್ತಿದೆ. ರೆಫರಿಗಳಿಗೆ ಇದು ಇಷ್ಟವಿಲ್ಲ, ಅಭಿಮಾನಿಗಳಿಗೆ ಇಷ್ಟು ಸಾಲಲ್ಲ. ಆದರೂ ಪಂದ್ಯ ಶುರುವಾಗುವ ಮೊದಲ ಐದು ನಿಮಿಷ ಶೂ ತಂದುಕೊಡುವ ನಂಬಿಕೆಯನ್ನು ಆಮೇಲೆ ಉಳಿಸಿಕೊಳ್ಳೋದು ಇಂಥ ವರದಿಯೇ.

ಹಾಗಾದ್ರೆ ನಮ್ಮಲ್ಲಿ?

ನಮ್ಮ ಕಾಲೇಜು, ತಾಲ್ಲೂಕು, ಜಿಲ್ಲಾ ಟೂರ್ನಿಗಳಲ್ಲಿ ತೀರ್ಪಿನ ವರದಿ ಬಿಡಿ, ಎಷ್ಟೋ ಕಡೆ ವಿಡಿಯೋ ಕೂಡ ಇರಲ್ಲ. ಹಾಗಾಗಿ ರೆಫರಿ ಹತ್ತಿರ ಉಳಿಯೋದು ಆ ಮೊದಲ ಐದು ನಿಮಿಷದ ನಂಬಿಕೆ ಮಾತ್ರ. ಅಂದ್ರೆ ಎಲ್ಲಿ ವ್ಯವಸ್ಥೆ ಬಡವಾಗಿದೆಯೋ ಅಲ್ಲಿ ಶೂ ಮೇಲೆ ಭಾರ ಜಾಸ್ತಿ. ಅಲ್ಲೇ ಅದನ್ನು ಕೊಳ್ಳೋ ದುಡ್ಡೂ ಕಡಿಮೆ. ಒಳ್ಳೆ ಕೋರ್ಟ್ ಶೂ ಸಾವಿರಗಳ ಲೆಕ್ಕ. ಇವರಲ್ಲಿ ಬಹಳಷ್ಟು ಜನ ಪಿಇ ಮೇಷ್ಟ್ರು, ಹಳೇ ಆಟಗಾರರು, ಬ್ಯಾಂಕಿನಲ್ಲೋ ಫ್ಯಾಕ್ಟರಿಯಲ್ಲೋ ಕೆಲಸ ಮಾಡ್ತಾ ರಜಾ ಹಾಕಿ ಬಂದೋರು. ಸಿಮೆಂಟ್ ನೆಲ ಆ ಸೋಲನ್ನು ಮರದ ನೆಲಕ್ಕಿಂತ ಬೇಗ ಸವೆಸುತ್ತೆ ಬೇರೆ.

ಸಂಘಟಕರು ಕಳಿಸೋ ವಾಟ್ಸಾಪ್ ಮೆಸೇಜಲ್ಲಿ 'ಕಪ್ಪು ಶೂ ಕಡ್ಡಾಯ' ಅಂತ ಇರುತ್ತೆ. ಅದೇ ಸಂಘಟಕರ ಬಜೆಟ್‌ನಲ್ಲಿ ಫ್ಲೆಕ್ಸ್‌ಗೆ ದುಡ್ಡಿದೆ, ಉದ್ಘಾಟನೆಗೆ ಬರೋ ಎಂಎಲ್‌ಎಗೆ ಹಾಕೋ ಹಾರ, ಶಾಲು, ಮೈಸೂರು ಪೇಟಕ್ಕೂ ಇದೆ. ಕಡ್ಡಾಯ ಮಾಡಿದ ಶೂಗೆ ಒಂದು ಸಾಲು ಇಲ್ಲ. ಕಾಲೇಜಿನ ಕ್ರೀಡಾ ಸಮಿತಿಯಲ್ಲಿ ನೀವಿದ್ದರೆ, ಮುಂದಿನ ಟೂರ್ನಿಯ ಎಸ್ಟಿಮೇಟ್ ಹಾಕುವಾಗ ಆ ಸಾಲು ಸೇರಿಸಿ. ಸೈಜ್ 8, 9, 10ರಲ್ಲಿ ಒಂದೊಂದು ಜೊತೆ ಕಪ್ಪು, ನಾನ್-ಮಾರ್ಕಿಂಗ್ ಕೋರ್ಟ್ ಶೂ ಸಾಮಾನಿನ ಕೋಣೆಯಲ್ಲಿದ್ದರೂ ನಡೆಯುತ್ತೆ. ಮಹಿಳಾ ರೆಫರಿಗಳು ಬರ್ತಾರಾದ್ರೆ 5 ಮತ್ತು 6 ಕೂಡ. ಆಗಾಗ ಯಾರಾದ್ರೂ ಹಾಕ್ಕೊಂಡು ಎರಡು ರೌಂಡ್ ಓಡಲಿ, ಪುಡಿಯಾಗದೆ ಇರುತ್ತೆ.